ಕಲಾವಿದ ಕೆ.ಸಿ.ಎಸ್. ಪಣಿಕ್ಕರ್ (1911–1977): ಮದರಾಸು ಕಲಾ ಚಳವಳಿ ಮತ್ತು ಚೋಳಮಂಡಲ ಕಲಾಗ್ರಾಮ

ಪೀಠಿಕೆ

ದಕ್ಷಿಣ ಭಾರತದ ಆಧುನಿಕ ಚಿತ್ರಕಲೆಯ ಇತಿಹಾಸದಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರದು ಅಗ್ರಗಣ್ಯ ಹೆಸರು. ಚಿತ್ರಕಾರರಾಗಿ, ಶಿಕ್ಷಕರಾಗಿ, ಸಂಘಟಕರಾಗಿ ಮೂರು ದಶಕಗಳಿಗೂ ಹೆಚ್ಚು ಕಾಲ ಮದರಾಸು ನಗರದಲ್ಲಿ (ಇಂದಿನ ಚೆನ್ನೈ) ದುಡಿದ ಇವರು ಎರಡು ಪ್ರಶ್ನೆಗಳನ್ನು ಜೀವನಪೂರ್ತಿ ಎದುರಿಸಿದರು. ಸ್ವತಂತ್ರ ಭಾರತದ ಕಲಾವಿದನು ಯಾವ ಭಾಷೆಯಲ್ಲಿ ಚಿತ್ರ ಬರೆಯಬೇಕು ಎಂಬುದು ಮೊದಲನೆಯ ಪ್ರಶ್ನೆ. ಚಿತ್ರ ಬರೆಯುತ್ತಲೇ ಆತನು ಹೊಟ್ಟೆಪಾಡನ್ನು ನಡೆಸುವುದು ಹೇಗೆ ಎಂಬುದು ಎರಡನೆಯದು. ಈ ಎರಡೂ ಪ್ರಶ್ನೆಗಳಿಗೆ ನಾಡಿನ ಕರಕುಶಲ ಪರಂಪರೆಯಲ್ಲಿಯೇ ಉತ್ತರವಿದೆ ಎಂದು ಕಂಡುಕೊಂಡದ್ದು ಪಣಿಕ್ಕರ್ ಅವರ ವಿಶೇಷ. 1966ರಲ್ಲಿ ಇವರ ನೇತೃತ್ವದಲ್ಲಿ ಸ್ಥಾಪನೆಯಾದ ಚೋಳಮಂಡಲ ಕಲಾಗ್ರಾಮವು ಈ ಚಿಂತನೆಯ ಫಲವಾಗಿದೆ.

ಎರಡನೆಯ ಮಹಾಯುದ್ಧ ಮತ್ತು ಸ್ವಾತಂತ್ರ್ಯದ ನಂತರ ದಕ್ಷಿಣ ಭಾರತದ ಸಾಮಾಜಿಕ ಹಾಗೂ ಆರ್ಥಿಕ ಜೀವನದಲ್ಲಿ ಉಂಟಾದ ಬದಲಾವಣೆಗಳು ಒಂದು ಪ್ರಾದೇಶಿಕ ಕಲಾ ಚಳವಳಿಯನ್ನು ಹೇಗೆ ರೂಪಿಸಿದವು ಎಂಬುದನ್ನು ಪಣಿಕ್ಕರ್ ಅವರ ಜೀವನದ ಮೂಲಕ ಸ್ಪಷ್ಟವಾಗಿ ಅರಿಯಬಹುದಾಗಿದೆ. ಕರ್ನಾಟಕದ ಕೆಲವು ಕಲಾವಿದರೂ ಈ ಚಳವಳಿಯಲ್ಲಿ ರೂಪುಗೊಂಡವರಾದುದರಿಂದ ಇವರ ಜೀವನ ಚರಿತ್ರೆಯು ಕನ್ನಡಿಗರಿಗೂ ಆಸಕ್ತಿದಾಯಕವಾಗಿದೆ.

ಜನನ ಮತ್ತು ಬಾಲ್ಯ

ಶಂಕರನ್ ಪಣಿಕ್ಕರ್ ಅವರು 1911ರಲ್ಲಿ ಕೊಯಮತ್ತೂರಿನಲ್ಲಿ ಜನಿಸಿದರು. ಇವರ ಕುಟುಂಬವು ಮಲಬಾರ್ ಪ್ರದೇಶಕ್ಕೆ ಸೇರಿದ್ದು, ಬಾಲಕನ ಶಾಲಾ ಶಿಕ್ಷಣವು ಇಂದಿನ ಕೇರಳದ ಪೊನ್ನಾನಿಯಲ್ಲಿ ನಡೆಯಿತು. ಆಗ ಕೊಯಮತ್ತೂರು, ಮಲಬಾರ್, ನಮ್ಮ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಎಲ್ಲವೂ ಮದರಾಸು ಪ್ರಾಂತ್ಯದ ಜಿಲ್ಲೆಗಳಾಗಿದ್ದವು. ತಮಿಳು, ತೆಲುಗು, ಮಲಯಾಳ, ಕನ್ನಡ, ತುಳು ಭಾಷೆಗಳನ್ನಾಡುವ ಜನರು ಒಂದೇ ಆಡಳಿತದ ಅಡಿಯಲ್ಲಿದ್ದು, ಉನ್ನತ ವಿದ್ಯಾಭ್ಯಾಸಕ್ಕೂ ಉದ್ಯೋಗಕ್ಕೂ ಮದರಾಸು ನಗರದ ಕಡೆಗೇ ನೋಡುತ್ತಿದ್ದರು.

ಪೊನ್ನಾನಿಯ ಸುತ್ತಣ ಕಾಲುವೆಗಳು, ತೆಂಗಿನ ತೋಟಗಳು, ಗದ್ದೆಗಳು, ದೋಣಿಗಳು ಬಾಲಕನ ಮನಸ್ಸಿನಲ್ಲಿ ಅಚ್ಚೊತ್ತಿದವು. ಹನ್ನೆರಡನೆಯ ವಯಸ್ಸಿನ ಸುಮಾರಿಗೆ ಜಲವರ್ಣದಲ್ಲಿ ನಿಸರ್ಗ ದೃಶ್ಯಗಳನ್ನು ಬಿಡಿಸಲು ಆರಂಭಿಸಿದ ಪಣಿಕ್ಕರ್, ಇಪ್ಪತ್ತು ತುಂಬುವ ಮೊದಲೇ ಮದರಾಸಿನ ವಾರ್ಷಿಕ ಕಲಾಪ್ರದರ್ಶನಗಳಲ್ಲಿ ತಮ್ಮ ಚಿತ್ರಗಳನ್ನು ಪ್ರದರ್ಶಿಸಿದರು.

ತಂದೆಯ ನಿಧನದಿಂದಾಗಿ ಕುಟುಂಬದ ಹೊಣೆಯು ಇವರ ಹೆಗಲೇರಿತು. 1930ರಲ್ಲಿ ಕಾಲೇಜು ವಿದ್ಯಾಭ್ಯಾಸವನ್ನು ಮೊಟಕುಗೊಳಿಸಿ ಇವರು ತಂತಿ ಇಲಾಖೆಯಲ್ಲಿ ನೌಕರಿಗೆ ಸೇರಿದರು. ಬಳಿಕ ಜೀವವಿಮೆಯ ಕೆಲಸವನ್ನೂ ಮಾಡಿದರು. ಹಗಲು ನೌಕರಿ, ಬಿಡುವಿನ ವೇಳೆಯಲ್ಲಿ ಕುಂಚ ಎಂಬ ಈ ವರ್ಷಗಳ ಅನುಭವವು ಇವರಿಗೆ ಒಂದು ಪಾಠವನ್ನು ಕಲಿಸಿತು. ಪ್ರತಿಭೆಯೊಂದಿದ್ದರೆ ಕಲಾವಿದನು ಉಳಿಯಲಾರನು, ಆತನ ಜೀವನಕ್ಕೆ ಒಂದು ಆಧಾರವೂ ಬೇಕು ಎಂಬುದೇ ಆ ಪಾಠ. ಮುಂದೆ ತಮ್ಮ ಶಿಷ್ಯರ ವಿಷಯದಲ್ಲಿ ಇವರು ಕೈಗೊಂಡ ಎಲ್ಲ ಕ್ರಮಗಳ ಹಿಂದೆಯೂ ಈ ಅನುಭವವಿತ್ತೆಂದು ತಿಳಿಯಬಹುದು.

ಮದರಾಸು ಕಲಾ ಶಾಲೆ

1936ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಪಣಿಕ್ಕರ್ ಅವರು ಮದರಾಸಿನ ಸರ್ಕಾರಿ ಕಲೆ ಮತ್ತು ಕರಕುಶಲ ಶಾಲೆಯನ್ನು ಸೇರಿ 1940ರವರೆಗೆ ವ್ಯಾಸಂಗ ಮಾಡಿದರು. 1850ರಲ್ಲಿ ಡಾ. ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಆರಂಭಿಸಿದ ಈ ಸಂಸ್ಥೆಯು ದೇಶದ ಅತ್ಯಂತ ಹಳೆಯ ಕಲಾ ಶಾಲೆಗಳಲ್ಲಿ ಒಂದಾಗಿದೆ. ಮೊದಲಿಗೆ ಇದು ಚಿತ್ರಕಾರರನ್ನು ತಯಾರಿಸುವ ಶಾಲೆಯಾಗಿರದೆ, ಕುಶಲಕರ್ಮಿಗಳಿಗೆ ತರಬೇತಿ ನೀಡುವ ಶಾಲೆಯಾಗಿತ್ತು. ಮಡಕೆ ಕೆಲಸ, ಲೋಹದ ಕೆಲಸ, ಮರಗೆತ್ತನೆ ಮುಂತಾದವು ಇಲ್ಲಿನ ಮುಖ್ಯ ವಿಭಾಗಗಳಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಅವರು ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಈ ಶಾಲೆಯಲ್ಲಿಯೇ ಪ್ರಾರಂಭಿಸಿದರು. ಇದೇ ಚಾಟರ್ಟನ್ ಅವರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು.

1929ರಲ್ಲಿ ಬಂಗಾಳದ ಶಿಲ್ಪಿ ದೇವಿಪ್ರಸಾದ ರಾಯ್ ಚೌಧರಿ ಅವರು ಶಾಲೆಯ ಮುಖ್ಯಸ್ಥರಾಗಿ ನೇಮಕಗೊಂಡರು. ಆ ಸ್ಥಾನಕ್ಕೆ ಬಂದ ಪ್ರಥಮ ಭಾರತೀಯರು ಇವರು. ಮರೀನಾ ಕಡಲ ತೀರದಲ್ಲಿರುವ ಶ್ರಮದ ವಿಜಯವನ್ನು ಸಾರುವ ಶಿಲ್ಪವು ಇವರದೇ ಕೃತಿ. ಇವರ ಕಾಲದಲ್ಲಿ ಚಿತ್ರಕಲೆ ಮತ್ತು ಶಿಲ್ಪಕಲೆಗೆ ಪ್ರಾಧಾನ್ಯ ದೊರೆಯಿತು. ಕರಕುಶಲ ವಿಭಾಗಗಳು ಮುಂದುವರಿದರೂ ಅವು ಹಿನ್ನೆಲೆಗೆ ಸರಿದವು. ಹೀಗೆ ಒಂದೇ ಆವರಣದಲ್ಲಿ ಕಲಾವಿದ ಬೇರೆ, ಕುಶಲಕರ್ಮಿ ಬೇರೆ ಎಂಬ ಭಾವನೆಯು ಬೆಳೆಯಿತು. ಈ ಅಂತರವನ್ನು ಅಳಿಸುವ ಕಾರ್ಯವು ಮುಂದೆ ಪಣಿಕ್ಕರ್ ಅವರ ಪಾಲಿಗೆ ಬಂದಿತು. 1941ರಲ್ಲಿ ಇವರು ಅದೇ ಶಾಲೆಯ ಶಿಕ್ಷಕ ವರ್ಗವನ್ನು ಸೇರಿದರು.

ಯುದ್ಧಕಾಲ ಮತ್ತು ಪ್ರಗತಿಶೀಲ ಚಿತ್ರಕಾರರ ಸಂಘ

ಇವರು ಶಿಕ್ಷಕರಾದ ಮರುವರ್ಷವೇ, ಅಂದರೆ 1942ರಲ್ಲಿ, ಜಪಾನಿನ ದಾಳಿಯ ಭೀತಿಯಿಂದ ಮದರಾಸಿನ ಬಹುಪಾಲು ಜನರು ನಗರವನ್ನು ತೊರೆದರು. ಸರ್ಕಾರಿ ಕಚೇರಿಗಳೂ ಒಳನಾಡಿಗೆ ಸ್ಥಳಾಂತರಗೊಂಡವು. ಬೆಲೆಗಳು ಏರಿದವು, ಆಹಾರ ಧಾನ್ಯಗಳಿಗೆ ಪಡಿತರ ಪದ್ಧತಿಯು ಜಾರಿಗೆ ಬಂದಿತು. ಇಂತಹ ಕಾಲದಲ್ಲಿಯೇ, 1944ರಲ್ಲಿ, ಪಣಿಕ್ಕರ್ ಅವರು ತಮ್ಮ ಸಹೋದ್ಯೋಗಿಗಳು ಮತ್ತು ವಿದ್ಯಾರ್ಥಿಗಳೊಂದಿಗೆ ಪ್ರಗತಿಶೀಲ ಚಿತ್ರಕಾರರ ಸಂಘವನ್ನು ಸ್ಥಾಪಿಸಿದರು. ಮುಂಬಯಿಯ ಪ್ರಸಿದ್ಧ ಪ್ರಗತಿಶೀಲ ಕಲಾವಿದರ ಗುಂಪು ರಚನೆಯಾದುದು 1947ರಲ್ಲಿ. ಮದರಾಸಿನ ಸಂಘವು ಅದಕ್ಕಿಂತ ಮೂರು ವರ್ಷ ಹಿರಿಯದು ಎಂಬುದು ಗಮನಾರ್ಹ.

ಸಂಘದ ಉದ್ದೇಶಗಳು ಸರಳವಾಗಿದ್ದವು. ಕಲಾವಿದರು ಒಂದೆಡೆ ಸೇರಿ ಚರ್ಚಿಸುವುದು, ಒಟ್ಟಾಗಿ ಪ್ರದರ್ಶನಗಳನ್ನು ಏರ್ಪಡಿಸುವುದು, ಹೊಸ ರೀತಿಯ ಚಿತ್ರಕಲೆಗೆ ಪ್ರೇಕ್ಷಕರನ್ನು ಸಿದ್ಧಪಡಿಸುವುದು. ಆದರೆ ನಗರದ ವಾತಾವರಣವು ಇದಕ್ಕೆ ಅನುಕೂಲವಾಗಿರಲಿಲ್ಲ. ಸಂಗೀತ ಮತ್ತು ನೃತ್ಯ ಕಲೆಗಳಿಗೆ ಮದರಾಸಿನಲ್ಲಿ ಸಭೆಗಳೂ ರಸಿಕರೂ ಪೋಷಕರೂ ಇದ್ದರು. ಚಿತ್ರಕಲೆಗೆ ಅಂತಹ ಆಸರೆ ಇರಲಿಲ್ಲ. ಪ್ರದರ್ಶನಕ್ಕೆ ಯೋಗ್ಯವಾದ ಚಿತ್ರಶಾಲೆಗಳೂ ವಿರಳವಾಗಿದ್ದವು.

ಪೋಷಕರು ಮರೆಯಾದ ಕಾಲ

1947ರ ನಂತರ ಪರಿಸ್ಥಿತಿಯು ಇನ್ನಷ್ಟು ಬದಲಾಯಿತು. ಅದುವರೆಗೆ ಚಿತ್ರಗಳನ್ನು ಕೊಳ್ಳುತ್ತಿದ್ದವರಲ್ಲಿ ಬ್ರಿಟಿಷ್ ಅಧಿಕಾರಿಗಳು, ಯೂರೋಪಿಯನ್ ವ್ಯಾಪಾರಸ್ಥರು, ಸಂಸ್ಥಾನಿಕರು ಮತ್ತು ಜಮೀನ್ದಾರರು ಮುಖ್ಯರಾಗಿದ್ದರು. ಬ್ರಿಟಿಷರು ಹಿಂತಿರುಗಿದರು. ಸಂಸ್ಥಾನಗಳು ವಿಲೀನಗೊಂಡವು. 1948ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಜಮೀನ್ದಾರಿ ರದ್ದತಿ ಕಾಯಿದೆಯು ಅಂಗೀಕಾರವಾಯಿತು. ರೈತರ ದೃಷ್ಟಿಯಿಂದ ಇದು ನ್ಯಾಯವಾದ ಕ್ರಮವಾಗಿದ್ದರೂ, ಅರಮನೆ ಮತ್ತು ಬಂಗಲೆಗಳ ಗೋಡೆಗಳಿಗೆ ಭಾವಚಿತ್ರಗಳನ್ನು ಬರೆಸುತ್ತಿದ್ದ ವರ್ಗವು ಇದರೊಂದಿಗೆ ಕಣ್ಮರೆಯಾಯಿತು. ಅದರ ಸ್ಥಾನದಲ್ಲಿ ನೌಕರಿಯನ್ನು ಅವಲಂಬಿಸಿದ ಮಧ್ಯಮ ವರ್ಗವು ಬೆಳೆಯುತ್ತಿತ್ತು. ಈ ವರ್ಗಕ್ಕೆ ಪುಸ್ತಕ, ಪತ್ರಿಕೆ, ಸಂಗೀತ, ಸಿನಿಮಾಗಳಲ್ಲಿ ಆಸಕ್ತಿಯಿತ್ತು. ತೈಲವರ್ಣದ ಚಿತ್ರವೊಂದನ್ನು ಕೊಳ್ಳುವ ಅಭ್ಯಾಸವಾಗಲಿ ಶಕ್ತಿಯಾಗಲಿ ಇರಲಿಲ್ಲ.

ಕಲಾ ಶಾಲೆಯಿಂದ ಹೊರಬಂದ ಯುವಕರಿಗೆ ಕೆಲವೇ ದಾರಿಗಳಿದ್ದವು. ಮದರಾಸಿನ ಚಲನಚಿತ್ರ ಸ್ಟುಡಿಯೋಗಳಲ್ಲಿ ಸೆಟ್ಟುಗಳ ಕೆಲಸ, ವಾರಪತ್ರಿಕೆಗಳಿಗೆ ಕಥಾಚಿತ್ರ ಬಿಡಿಸುವ ಕೆಲಸ, ಜಾಹೀರಾತು ಸಂಸ್ಥೆಗಳ ನೌಕರಿ, ಇಲ್ಲವೇ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆ. ಈ ಕೆಲಸಗಳಲ್ಲಿ ತೊಡಗಿದವರಲ್ಲಿ ಅನೇಕರು ಕ್ರಮೇಣ ತಮ್ಮ ಸ್ವಂತ ಚಿತ್ರರಚನೆಯನ್ನೇ ನಿಲ್ಲಿಸಿದರು. ತಾವು ವರ್ಷಗಟ್ಟಲೆ ಕಲಿಸಿದ ವಿದ್ಯಾರ್ಥಿಗಳು ಹೀಗೆ ಕಳೆದುಹೋಗುವುದು ಪಣಿಕ್ಕರ್ ಅವರನ್ನು ಬಹುವಾಗಿ ಚಿಂತೆಗೀಡುಮಾಡಿತು.

ಇದೇ ಅವಧಿಯಲ್ಲಿ ಸರ್ಕಾರವು ಹೊಸ ಪೋಷಕನಾಗಿ ಮುಂದೆ ಬಂದಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯು ಸ್ಥಾಪನೆಯಾಗಿ, ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಅದರ ನೇತೃತ್ವ ವಹಿಸಿದರು. 1954ರಲ್ಲಿ ದೆಹಲಿಯಲ್ಲಿ ಲಲಿತಕಲಾ ಅಕಾಡೆಮಿಯು ಆರಂಭವಾಯಿತು. ಕೈಮಗ್ಗ ಕ್ಷೇತ್ರದಲ್ಲಿ ನೇಕಾರರ ಸೇವಾ ಕೇಂದ್ರಗಳು ತೆರೆದು, ಮದರಾಸಿನ ಕೇಂದ್ರದಲ್ಲಿ ರೆಡ್ಡಪ್ಪ ನಾಯ್ಡು ಅವರಂತಹ ಚಿತ್ರಕಾರರು ಉದ್ಯೋಗ ಪಡೆದರು. ಚಿತ್ರಕಾರರು ನೇಕಾರರೊಂದಿಗೆ, ಬಣ್ಣಗಾರರೊಂದಿಗೆ ದಿನನಿತ್ಯ ಕೆಲಸ ಮಾಡುವ ಅವಕಾಶವು ಇದರಿಂದ ಒದಗಿತು. ಕರಕುಶಲ ವಸ್ತುಗಳಿಗೆ ನಗರಗಳಲ್ಲಿ ಹೊಸ ಮಾರುಕಟ್ಟೆಯೊಂದು ತೆರೆದುಕೊಳ್ಳುತ್ತಿರುವುದೂ ಇದರಿಂದ ಕಂಡುಬಂದಿತು.

ಯೂರೋಪ್ ಪ್ರವಾಸ ಮತ್ತು ಸ್ವಂತಿಕೆಯ ಹುಡುಕಾಟ

ಈ ವರ್ಷಗಳಲ್ಲಿ ಪಣಿಕ್ಕರ್ ಅವರ ಚಿತ್ರಕಲೆಯು ಮಲಬಾರಿನ ನಿಸರ್ಗ ದೃಶ್ಯಗಳಿಂದ ಮಾನವಾಕೃತಿಗಳತ್ತ ಹೊರಳಿತು. ತಾಯಿ ಮತ್ತು ಮಗು, ಬುದ್ಧನ ಜನ್ಮಸ್ಥಳ ಲುಂಬಿನಿ, ಶಾಂತಿದೂತರು ಮುಂತಾದ ವಿಷಯಗಳನ್ನು ಇವರು ಚಿತ್ರಿಸಿದರು. ಬಣ್ಣ ಮತ್ತು ಕುಂಚದ ಬಳಕೆಯಲ್ಲಿ ವ್ಯಾನ್ ಗೋ, ಗೊಗಾಂ ಮೊದಲಾದ ಯೂರೋಪಿನ ಕಲಾವಿದರ ಪ್ರಭಾವವಿದ್ದರೆ, ಆಕೃತಿಗಳ ರೇಖೆಯಲ್ಲಿ ಅಜಂತೆಯ ಭಿತ್ತಿಚಿತ್ರಗಳ ನೆನಪಿತ್ತು.

1954ರಲ್ಲಿ ಪಣಿಕ್ಕರ್ ಅವರು ಯೂರೋಪಿಗೆ ಪ್ರಯಾಣ ಮಾಡಿ, ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ತಮ್ಮ ಕೃತಿಗಳನ್ನು ಪ್ರದರ್ಶಿಸಿದರು. ಯುದ್ಧದ ನಂತರ ಪುನಶ್ಚೇತನಗೊಳ್ಳುತ್ತಿದ್ದ ಆ ನಗರಗಳಲ್ಲಿ ಅಮೂರ್ತ ಕಲೆಯು ಪ್ರಬಲವಾಗಿತ್ತು. ಆಧುನಿಕ ಕಲೆಯ ಮೂಲ ಕೃತಿಗಳನ್ನು ಕಣ್ಣಾರೆ ಕಂಡ ಅನುಭವವು ಇವರ ಮೇಲೆ ಗಾಢ ಪರಿಣಾಮ ಬೀರಿತು. ಯೂರೋಪಿನ ಕಲಾವಿದರ ಧೈರ್ಯವನ್ನು ಮೆಚ್ಚಿಕೊಂಡರೂ, ಅವರ ದಾರಿಯನ್ನೇ ಅನುಸರಿಸಿದರೆ ಭಾರತೀಯ ಕಲಾವಿದನು ಸದಾ ಅನುಕರಣೆಯಲ್ಲಿಯೇ ಉಳಿಯುತ್ತಾನೆ ಎಂಬ ನಿಲುವಿಗೆ ಇವರು ಬಂದರು. ಹಾಗೆಂದು ಪುರಾಣದ ಕಥೆಗಳನ್ನು ಹಳೆಯ ಶೈಲಿಯಲ್ಲಿ ಮತ್ತೆ ಬರೆಯುವುದೂ ಇವರಿಗೆ ಒಪ್ಪಿಗೆಯಾಗಲಿಲ್ಲ. ಆಧುನಿಕವಾಗಿದ್ದೂ ಈ ನೆಲದ್ದೇ ಆದ ಚಿತ್ರಭಾಷೆಯೊಂದು ಬೇಕು ಎಂಬ ಹುಡುಕಾಟವು ಆಗ ತೀವ್ರವಾಯಿತು.

ಪ್ರಾಂಶುಪಾಲರಾಗಿ ಸೇವೆ

1957ರಲ್ಲಿ ರಾಯ್ ಚೌಧರಿ ಅವರ ನಂತರ ಪಣಿಕ್ಕರ್ ಅವರು ಕಲಾ ಶಾಲೆಯ ಪ್ರಾಂಶುಪಾಲರಾದರು. 1967ರವರೆಗೆ ಹತ್ತು ವರ್ಷಗಳ ಕಾಲ ಇವರು ಈ ಹುದ್ದೆಯಲ್ಲಿದ್ದರು. ಇವರ ಅವಧಿಯಲ್ಲಿಯೇ ಶಾಲೆಯು ಕಾಲೇಜಿನ ದರ್ಜೆಗೆ ಏರಿತು.

ಈ ಹತ್ತು ವರ್ಷಗಳು ದಕ್ಷಿಣ ಭಾರತದ ರಾಜಕೀಯ ಭೂಪಟವು ಬದಲಾಗಿದ್ದ ಕಾಲ. 1953ರಲ್ಲಿ ಆಂಧ್ರ ರಾಜ್ಯವು ಪ್ರತ್ಯೇಕಗೊಂಡು, ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಲಬಾರ್ ಕೇರಳಕ್ಕೂ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೂ ಸೇರಿದವು. ಗಡಿಗಳು ಬದಲಾದರೂ ದಕ್ಷಿಣದ ಯುವ ಕಲಾವಿದರು ಮದರಾಸಿಗೆ ಬರುವುದು ನಿಲ್ಲಲಿಲ್ಲ. ತಮಿಳು, ತೆಲುಗು, ಮಲಯಾಳ, ಕನ್ನಡ ಮಾತನಾಡುವ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕುಳಿತರು. ಹಿಂದುಳಿದ ಹಳ್ಳಿಗಳಿಂದ, ಬಡ ಕುಟುಂಬಗಳಿಂದ ಬಂದವರೂ ಇವರಲ್ಲಿದ್ದರು. ಮದರಾಸು ಚಳವಳಿಯು ಯಾವುದೇ ಒಂದು ಭಾಷೆಗೆ ಸೀಮಿತವಾಗದೆ ಇಡೀ ದಕ್ಷಿಣದ ಚಳವಳಿಯಾದುದಕ್ಕೆ ಇದು ಮುಖ್ಯ ಕಾರಣವಾಗಿದೆ.

ಪಣಿಕ್ಕರ್ ಅವರು ವಿದ್ಯಾರ್ಥಿಗಳಿಗೆ ತಮ್ಮ ಶೈಲಿಯನ್ನು ಕಲಿಸಲಿಲ್ಲ. ಪ್ರತಿಯೊಬ್ಬರೂ ತಮ್ಮ ಊರಿನ ದೇವಸ್ಥಾನ, ಜಾತ್ರೆ, ರಂಗೋಲಿ, ಗೊಂಬೆ, ಓಲೆಗರಿ, ಕಂಚಿನ ವಿಗ್ರಹಗಳನ್ನು ಹೊಸ ಕಣ್ಣಿನಿಂದ ನೋಡುವಂತೆ ಇವರು ಪ್ರೇರೇಪಿಸಿದರು. ದಕ್ಷಿಣದ ಕಲೆಯ ಜೀವಾಳವು ರೇಖೆಯಲ್ಲಿದೆ ಎಂಬುದನ್ನು ಮನಗಾಣಿಸಿದರು. ಶಿಲ್ಪ ವಿಭಾಗದಲ್ಲಿ ಎಸ್. ಧನಪಾಲ್ ಅವರು ಇದೇ ದಾರಿಯಲ್ಲಿ ಮಾರ್ಗದರ್ಶನ ನೀಡಿದರು. ದೇವರ ವಿಗ್ರಹಕ್ಕೆ ಲೋಹದ ತಗಡನ್ನು ಬಡಿದು ಕವಚ ಮಾಡುವ ಪರಂಪರೆಯು ತಮಿಳುನಾಡಿನಲ್ಲಿ ಜೀವಂತವಾಗಿತ್ತು. ಪಿ.ವಿ. ಜಾನಕಿರಾಮ್ ಅವರು ಆ ತಂತ್ರವನ್ನು ಆಧುನಿಕ ಶಿಲ್ಪಕ್ಕೆ ಅಳವಡಿಸಿ ಪ್ರಸಿದ್ಧರಾದರು. ಹೀಗೆ ಹಿಂದೆ ಸರಿದಿದ್ದ ಕರಕುಶಲ ವಿಭಾಗಗಳು ಮತ್ತೆ ಮುನ್ನೆಲೆಗೆ ಬಂದವು.

ಚಳವಳಿಯ ವಿಚಾರಗಳನ್ನು ಪ್ರಚುರಪಡಿಸಲು 1961ರಲ್ಲಿ ಸಂಘವು ಆರ್ಟ್‌ಟ್ರೆಂಡ್ಸ್ ಎಂಬ ಇಂಗ್ಲಿಷ್ ಕಲಾಪತ್ರಿಕೆಯನ್ನು ಹೊರತಂದಿತು. ಮುಂಬಯಿ ಮತ್ತು ದೆಹಲಿಯ ವಿಮರ್ಶಕರು ದಕ್ಷಿಣದ ಕಲೆಯನ್ನು ಹೆಚ್ಚಾಗಿ ಗಮನಿಸದಿದ್ದ ಕಾಲದಲ್ಲಿ ಈ ಪತ್ರಿಕೆಯು ಉಪಯುಕ್ತ ಕಾರ್ಯವನ್ನು ಮಾಡಿತು.

ಪದಗಳು ಮತ್ತು ಸಂಕೇತಗಳು

1963ರ ಸುಮಾರಿಗೆ ಪಣಿಕ್ಕರ್ ಅವರು ತಮ್ಮ ಅತ್ಯಂತ ಪ್ರಸಿದ್ಧ ಚಿತ್ರಮಾಲಿಕೆಯಾದ ಪದಗಳು ಮತ್ತು ಸಂಕೇತಗಳು ಎಂಬುದನ್ನು ಆರಂಭಿಸಿದರು. ಮೊದಲ ಚಿತ್ರಗಳಲ್ಲಿ ಗಣಿತದ ಚಿಹ್ನೆಗಳು, ಅಂಕಿಗಳು ಮತ್ತು ರೋಮನ್ ಅಕ್ಷರಗಳು ಕಾಣಿಸಿಕೊಂಡವು. ಬಳಿಕ ಅವುಗಳ ಸ್ಥಾನವನ್ನು ಇವರ ಮಾತೃಭಾಷೆಯಾದ ಮಲಯಾಳದ ಲಿಪಿ ಪಡೆಯಿತು. ಜಾತಕದ ಕುಂಡಲಿಗಳು, ಯಂತ್ರದ ರೇಖಾಕೃತಿಗಳು, ಪ್ರಾಣಿ ಪಕ್ಷಿಗಳ ಚಿಕ್ಕ ರೂಪಗಳು ಅಕ್ಷರಗಳ ಸಾಲುಗಳೊಂದಿಗೆ ಬೆರೆತವು.

ಈ ಚಿತ್ರಗಳಲ್ಲಿನ ಬರಹವನ್ನು ಓದಿ ಅರ್ಥಮಾಡಿಕೊಳ್ಳಲು ಬರುವುದಿಲ್ಲ. ಓದಿಸುವುದು ಕಲಾವಿದರ ಉದ್ದೇಶವೂ ಆಗಿರಲಿಲ್ಲ. ಹಳೆಯ ಓಲೆಗರಿಯನ್ನೋ ಜ್ಯೋತಿಷಿಯ ಕಡತವನ್ನೋ ನೋಡಿದಾಗ, ಅದರಲ್ಲಿ ಏನು ಬರೆದಿದೆ ಎಂಬುದು ತಿಳಿಯದಿದ್ದರೂ ಅಕ್ಷರಗಳ ಓಟವೇ ಕಣ್ಣನ್ನು ಸೆಳೆಯುತ್ತದೆ. ಮನಸ್ಸಿನಲ್ಲಿ ಒಂದು ಗಾಂಭೀರ್ಯವೂ ಕುತೂಹಲವೂ ಮೂಡುತ್ತವೆ. ಆ ಅನುಭವವನ್ನೇ ಪಣಿಕ್ಕರ್ ಅವರು ಆಧುನಿಕ ಚಿತ್ರವನ್ನಾಗಿ ಪರಿವರ್ತಿಸಿದರು. ಲಿಪಿಯು ಇಲ್ಲಿ ರೇಖೆಯಾಯಿತು, ರೇಖೆಯೇ ಚಿತ್ರವಾಯಿತು. ಯೂರೋಪಿನ ಅಮೂರ್ತ ಕಲೆಗೆ ಎದುರಾಗಿ ನಿಲ್ಲಬಲ್ಲ, ಆದರೆ ಅಲ್ಲಿಂದ ಎರವಲು ತರದ ಭಾಷೆಯು ಇವರಿಗೆ ಹೀಗೆ ದೊರೆಯಿತು. ಕಲಾ ವಿಮರ್ಶಕರು ಈ ಕೃತಿಗಳನ್ನು ನವತಾಂತ್ರಿಕ ಕಲೆಯೊಂದಿಗೂ ಸೇರಿಸಿ ಚರ್ಚಿಸಿದ್ದಾರೆ.

ಕರಕುಶಲದಿಂದ ಸ್ವಾವಲಂಬನೆ

ಚಿತ್ರಭಾಷೆಯ ಪ್ರಶ್ನೆಗೆ ಉತ್ತರ ದೊರೆಯುತ್ತಿದ್ದಂತೆಯೇ ಜೀವನೋಪಾಯದ ಪ್ರಶ್ನೆಗೂ ಪಣಿಕ್ಕರ್ ಅವರು ಉತ್ತರ ಹುಡುಕಿದರು. ಜನರು ಚಿತ್ರಗಳನ್ನು ಕೊಳ್ಳದಿದ್ದರೂ ಬಟ್ಟೆ, ಲೋಹದ ವಸ್ತು, ಮಣ್ಣಿನ ಪಾತ್ರೆ, ಚರ್ಮದ ವಸ್ತುಗಳನ್ನು ಕೊಳ್ಳುತ್ತಾರೆ ಎಂಬುದು ಇವರ ಗಮನಕ್ಕೆ ಬಂದಿತ್ತು. ಕಲಾವಿದನು ದಿನದ ಕೆಲವು ಗಂಟೆಗಳನ್ನು ಕರಕುಶಲ ಕೆಲಸಕ್ಕೆ ಮೀಸಲಿಟ್ಟು ಅದರಿಂದ ಜೀವನ ನಡೆಸಿದರೆ, ಉಳಿದ ವೇಳೆಯಲ್ಲಿ ಯಾರ ಹಂಗೂ ಇಲ್ಲದೆ ತನಗೆ ಸರಿಕಂಡಂತೆ ಚಿತ್ರ ಬರೆಯಬಹುದು ಎಂಬುದು ಇವರ ಯೋಜನೆಯಾಗಿತ್ತು.

1960ರ ದಶಕದ ಮೊದಲ ಭಾಗದಲ್ಲಿ ಈ ಉದ್ದೇಶಕ್ಕಾಗಿ ಕಲಾವಿದರ ಕರಕುಶಲ ಸಂಘವೊಂದನ್ನು ರಚಿಸಲಾಯಿತು. ತರಗತಿಗಳು ಮುಗಿದ ನಂತರ ವಿದ್ಯಾರ್ಥಿಗಳು ಮತ್ತು ಯುವ ಕಲಾವಿದರು ಒಟ್ಟಾಗಿ ಕೆಲಸ ಮಾಡಿದರು. ಮೇಣವನ್ನು ಬಳಸಿ ಬಟ್ಟೆಗೆ ಬಣ್ಣ ಕಟ್ಟುವ ಬಾಟಿಕ್ ವಿಧಾನವು ಇವರಿಗೆ ವಿಶೇಷವಾಗಿ ಒಲಿಯಿತು. ಬಟ್ಟೆಯ ಮೇಲೆ ಬಣ್ಣ ತಾಗಬಾರದ ಕಡೆ ಕರಗಿದ ಮೇಣವನ್ನು ಹಚ್ಚಿ, ಬಣ್ಣದಲ್ಲಿ ಅದ್ದಿ, ಬಳಿಕ ಮೇಣವನ್ನು ತೆಗೆಯುವುದು ಇದರ ಕ್ರಮ. ಚಿತ್ರಕಾರರ ಕೈಯಿಂದ ಬಂದ ಈ ಬಟ್ಟೆಗಳಲ್ಲಿ ಹೊಸತನವಿತ್ತು. ಪ್ರದರ್ಶನದಲ್ಲಿಟ್ಟಾಗ ಅವು ಚೆನ್ನಾಗಿ ಮಾರಾಟವಾದವು. ಬಂದ ಹಣದಲ್ಲಿ ಒಂದು ಭಾಗವನ್ನು ಕಲಾವಿದರು ತಮ್ಮ ಖರ್ಚಿಗೆ ಪಡೆದು, ಮತ್ತೊಂದು ಭಾಗವನ್ನು ಸಾಮಾನ್ಯ ನಿಧಿಗೆ ಸೇರಿಸಿದರು.

ಚೋಳಮಂಡಲ ಕಲಾಗ್ರಾಮದ ಸ್ಥಾಪನೆ

ಹೀಗೆ ಕೂಡಿಟ್ಟ ಹಣದಿಂದ ಮದರಾಸಿನ ದಕ್ಷಿಣಕ್ಕೆ, ಮಹಾಬಲಿಪುರದ ಕಡೆಗೆ ಸಾಗುವ ಕರಾವಳಿ ರಸ್ತೆಯಲ್ಲಿ, ಇಂಜಂಬಾಕ್ಕಂ ಎಂಬ ಹಳ್ಳಿಯ ಬಳಿ ಸುಮಾರು ಹತ್ತು ಎಕರೆ ಜಮೀನನ್ನು ಕೊಳ್ಳಲಾಯಿತು. 1966ರಲ್ಲಿ ಅಲ್ಲಿ ಚೋಳಮಂಡಲ ಕಲಾಗ್ರಾಮವು ಅಸ್ತಿತ್ವಕ್ಕೆ ಬಂದಿತು. ಒಂದು ಕಾಲದಲ್ಲಿ ಈ ಕರಾವಳಿಯನ್ನು ಆಳಿದ ಹಾಗೂ ಕಂಚಿನ ಶಿಲ್ಪಕಲೆಯನ್ನು ಪೋಷಿಸಿದ ಚೋಳ ಅರಸರ ನೆನಪಿಗಾಗಿ ಈ ಹೆಸರನ್ನು ಆರಿಸಲಾಯಿತು. ಮೂವತ್ತಕ್ಕೂ ಹೆಚ್ಚು ಕಲಾವಿದರು ಈ ಪ್ರಯತ್ನದಲ್ಲಿ ಪಾಲ್ಗೊಂಡರು. ಜೆ. ಸುಲ್ತಾನ್ ಅಲಿ, ಎಂ. ಸೇನಾಧಿಪತಿ, ಕೆ.ಎಂ. ಗೋಪಾಲ್, ಪಿ.ಎಸ್. ನಂದನ್, ವಿಶ್ವನಾಥನ್, ಹರಿದಾಸನ್, ಜಯಪಾಲ ಪಣಿಕ್ಕರ್, ಪಿ. ಗೋಪಿನಾಥ್, ಕೆ. ರಾಮಾನುಜಂ, ಎಸ್.ಜಿ. ವಾಸುದೇವ್, ಅರ್ನವಾಜ್ ಮತ್ತು ಪಣಿಕ್ಕರ್ ಅವರ ಪುತ್ರ ಶಿಲ್ಪಿ ಎಸ್. ನಂದಗೋಪಾಲ್ ಮುಂತಾದವರು ಕಲಾಗ್ರಾಮದೊಂದಿಗೆ ಗುರುತಿಸಿಕೊಂಡವರು.

ಆ ಜಾಗವು ಆಗ ಮರಳಿನ ಬಯಲಾಗಿತ್ತು. ನಗರದಿಂದ ದೂರವಿದ್ದು, ಅಕ್ಕಪಕ್ಕದಲ್ಲಿ ಮೀನುಗಾರರ ಹಟ್ಟಿಗಳಿದ್ದವು. ಕಲಾವಿದರು ಮೊದಲು ಸೋಗೆಯ ಗುಡಿಸಲುಗಳಲ್ಲಿ ವಾಸಿಸಿ, ಬಳಿಕ ಕ್ರಮೇಣ ತಮ್ಮ ಮನೆಗಳನ್ನು ಕಟ್ಟಿಕೊಂಡರು. ಕಾರ್ಯಾಗಾರ, ಚಿತ್ರಶಾಲೆ ಹಾಗೂ ಬಯಲು ರಂಗಮಂದಿರಗಳು ನಿರ್ಮಾಣವಾದವು. ರಂಗಮಂದಿರಕ್ಕೆ ಕವಿ ಸುಬ್ರಹ್ಮಣ್ಯ ಭಾರತಿ ಅವರ ಹೆಸರನ್ನಿಡಲಾಯಿತು. ನೃತ್ಯ, ಸಂಗೀತ, ನಾಟಕ ಹಾಗೂ ಕಾವ್ಯವಾಚನಗಳಿಗೂ ಕಲಾಗ್ರಾಮವು ನೆಲೆಯಾಯಿತು.

ಯಾವುದೇ ಶ್ರೀಮಂತ ಪೋಷಕರ ದಾನದಿಂದ ಅಲ್ಲದೆ, ಕಲಾವಿದರ ಸ್ವಂತ ದುಡಿಮೆಯಿಂದ ಈ ಗ್ರಾಮವು ನಿರ್ಮಾಣಗೊಂಡಿತು ಎಂಬುದು ಇದರ ಹೆಗ್ಗಳಿಕೆ. 1967ರಲ್ಲಿ ಸೇವೆಯಿಂದ ನಿವೃತ್ತರಾದ ಪಣಿಕ್ಕರ್ ಅವರು ಕಲಾಗ್ರಾಮದ ಬೆಳವಣಿಗೆಗೆ ತಮ್ಮನ್ನು ಸಂಪೂರ್ಣವಾಗಿ ಅರ್ಪಿಸಿಕೊಂಡರು.

ಕಷ್ಟಗಳು ಮತ್ತು ಮಿತಿಗಳು

ಕಲಾಗ್ರಾಮದ ಬದುಕು ಸುಲಭವಾಗಿರಲಿಲ್ಲ. ಆದಾಯವು ಅನಿಶ್ಚಿತವಾಗಿತ್ತು. ಸ್ವತಂತ್ರ ಮನೋಭಾವದ ಕಲಾವಿದರು ಒಂದೇ ಕಡೆ ನೆಲೆಸಿದಾಗ ಭಿನ್ನಾಭಿಪ್ರಾಯಗಳು ಸಹಜವಾಗಿದ್ದವು. ಕೆಲವರು ವಿದೇಶಗಳಿಗೆ ತೆರಳಿದರು. ವಿಶ್ವನಾಥನ್ ಮತ್ತು ಅಕ್ಕಿತ್ತಂ ನಾರಾಯಣನ್ ಅವರು ಪ್ಯಾರಿಸ್ಸಿನಲ್ಲಿ ನೆಲೆಸಿದರು. ಪಣಿಕ್ಕರ್ ಅವರು ಮಗನಂತೆ ಆಸರೆ ನೀಡಿ ಬೆಳೆಸಿದ ಪ್ರತಿಭಾವಂತ ಶಿಷ್ಯ ಕೆ. ರಾಮಾನುಜಂ 1973ರಲ್ಲಿ ಅಕಾಲ ಮರಣಕ್ಕೀಡಾದರು. ಕನಸಿನ ಲೋಕವನ್ನು ಸೂಕ್ಷ್ಮ ರೇಖೆಗಳಲ್ಲಿ ಬಿಡಿಸುತ್ತಿದ್ದ ಈ ಯುವಕನ ಅಗಲಿಕೆಯು ಕಲಾಗ್ರಾಮಕ್ಕೆ ದೊಡ್ಡ ಆಘಾತವಾಗಿತ್ತು. ಜೀವನಾಧಾರವೊಂದನ್ನು ಒದಗಿಸಿದರೂ ಕಲಾವಿದನ ಎಲ್ಲ ಸಂಕಟಗಳನ್ನು ನಿವಾರಿಸಲು ಸಾಧ್ಯವಿಲ್ಲ ಎಂಬುದನ್ನು ಈ ಘಟನೆಯು ತೋರಿಸಿತು.

ಕರಕುಶಲದ ಯೋಜನೆಯೂ ಶಾಶ್ವತವಾಗಿ ಉಳಿಯಲಿಲ್ಲ. 1970ರ ದಶಕದಲ್ಲಿ ಚಿತ್ರ ಮತ್ತು ಶಿಲ್ಪಗಳಿಗೆ ಬೇಡಿಕೆ ಹೆಚ್ಚಿದಂತೆ ಬಾಟಿಕ್ ಮುಂತಾದ ಕೆಲಸಗಳು ಕಡಿಮೆಯಾದವು. ಆದರೆ ಇದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಕರಕುಶಲವು ಊರುಗೋಲಾಗಿ ನಿಂತು, ಕಲಾವಿದರು ತಮ್ಮ ಕಾಲ ಮೇಲೆ ನಿಲ್ಲುವವರೆಗೆ ಆಧಾರ ನೀಡಿತು. ಲೋಹ, ಬಟ್ಟೆ, ಮಣ್ಣುಗಳೊಂದಿಗಿನ ಒಡನಾಟವು ಅವರ ಕಲಾಕೃತಿಗಳಲ್ಲಿಯೇ ಸೇರಿಕೊಂಡಿತು.

ಕರ್ನಾಟಕದೊಂದಿಗೆ ಸಂಬಂಧ

1941ರಲ್ಲಿ ಮೈಸೂರಿನಲ್ಲಿ ಜನಿಸಿದ ಎಸ್.ಜಿ. ವಾಸುದೇವ್ ಅವರು 1960ರ ದಶಕದಲ್ಲಿ ಮದರಾಸಿನಲ್ಲಿ ಪಣಿಕ್ಕರ್ ಅವರ ವಿದ್ಯಾರ್ಥಿಯಾಗಿ, ಚೋಳಮಂಡಲದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು. ಬಾಟಿಕ್ ಮತ್ತು ತಾಮ್ರದ ತಗಡಿನ ಉಬ್ಬುಚಿತ್ರಗಳಲ್ಲಿ ಕೆಲಸ ಮಾಡಿದ ಇವರು, ದ.ರಾ. ಬೇಂದ್ರೆ ಅವರ ಕಾವ್ಯದಿಂದ ಪ್ರೇರಣೆ ಪಡೆದು ವೃಕ್ಷದ ಚಿತ್ರಮಾಲಿಕೆಯನ್ನು ರಚಿಸಿದರು. ಅದೇ ದಶಕದಲ್ಲಿ ಗಿರೀಶ ಕಾರ್ನಾಡರು ಮದರಾಸಿನಲ್ಲಿ ಉದ್ಯೋಗದಲ್ಲಿದ್ದರು. ಪಟ್ಟಾಭಿರಾಮ ರೆಡ್ಡಿ ಅವರು ನಿರ್ದೇಶಿಸಿ, 1970ರಲ್ಲಿ ತೆರೆಕಂಡು ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದ ಕನ್ನಡ ಚಲನಚಿತ್ರ ಸಂಸ್ಕಾರಕ್ಕೆ ವಾಸುದೇವ್ ಅವರು ಕಲಾ ನಿರ್ದೇಶಕರಾಗಿದ್ದರು. ಕನ್ನಡದ ಹೊಸ ಅಲೆಯ ಚಿತ್ರಗಳಿಗೂ ಮದರಾಸಿನ ಕಲಾ ವಲಯಕ್ಕೂ ಹೀಗೆ ನೇರ ಸಂಬಂಧವಿದೆ. 1980ರ ದಶಕದ ಕೊನೆಯಲ್ಲಿ ವಾಸುದೇವ್ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಮದರಾಸು ಕಲಾ ಕಾಲೇಜಿನಲ್ಲಿ ಶಿಕ್ಷಣ ಪಡೆದ ಶಿಲ್ಪಿ ಬಾಲನ್ ನಂಬಿಯಾರ್ ಅವರೂ ಬೆಂಗಳೂರನ್ನು ತಮ್ಮ ಕಾರ್ಯಕ್ಷೇತ್ರವಾಗಿ ಮಾಡಿಕೊಂಡವರು.

ನಿಧನ ಮತ್ತು ಸ್ಮರಣೆ

1976ರಲ್ಲಿ ಲಲಿತಕಲಾ ಅಕಾಡೆಮಿಯು ಪಣಿಕ್ಕರ್ ಅವರನ್ನು ತನ್ನ ಫೆಲೋ ಆಗಿ ಆಯ್ಕೆ ಮಾಡಿ ಗೌರವಿಸಿತು. ಮರುವರ್ಷ, 1977ರ ಜನವರಿಯಲ್ಲಿ, ಇವರು ಮದರಾಸಿನಲ್ಲಿ ನಿಧನರಾದರು. ಇವರ ಚಿತ್ರಗಳ ಸಂಗ್ರಹವೊಂದನ್ನು ತಿರುವನಂತಪುರದ ವಸ್ತುಸಂಗ್ರಹಾಲಯದ ಆವರಣದಲ್ಲಿ ಇವರ ಹೆಸರಿನ ಚಿತ್ರಶಾಲೆಯಲ್ಲಿ ಇರಿಸಲಾಗಿದೆ. 2009ರಲ್ಲಿ ಚೋಳಮಂಡಲದಲ್ಲಿ ಸಮಕಾಲೀನ ಕಲಾ ಕೇಂದ್ರವು ಆರಂಭಗೊಂಡು, ಮದರಾಸು ಚಳವಳಿಯ ಕಲಾವಿದರ ಕೃತಿಗಳ ಸಂಗ್ರಹಾಲಯವನ್ನು ಅದು ಒಳಗೊಂಡಿತು. ಒಂದು ಕಾಲದಲ್ಲಿ ಮರಳು ಬಯಲಾಗಿದ್ದ ಇಂಜಂಬಾಕ್ಕಂ ಪ್ರದೇಶವು ನಂತರದ ವರ್ಷಗಳಲ್ಲಿ ಚೆನ್ನೈ ನಗರದೊಳಗೆ ಸೇರಿಹೋಯಿತು.

ಉಪಸಂಹಾರ

ಯುದ್ಧೋತ್ತರ ಕಾಲದ ಬದಲಾವಣೆಗಳು ಮದರಾಸಿನ ಕಲಾವಿದರಿಂದ ಹಳೆಯ ಪೋಷಕರನ್ನು ಕಸಿದುಕೊಂಡವು. ಹೊಸ ಮಧ್ಯಮ ವರ್ಗ, ಸರ್ಕಾರದ ಕರಕುಶಲ ನೀತಿ, ದಕ್ಷಿಣದ ನಾಲ್ಕೂ ಭಾಷೆಗಳ ಯುವಜನರ ಸಂಗಮ ಇವೆಲ್ಲವೂ ಅದೇ ಬದಲಾವಣೆಗಳ ಕೊಡುಗೆಗಳು. ಕಸಿದುಕೊಂಡದ್ದಕ್ಕಾಗಿ ದುಃಖಿಸುತ್ತ ಕೂಡದೆ, ದೊರೆತದ್ದನ್ನು ಬಳಸಿಕೊಂಡು ಹೊಸ ದಾರಿಯನ್ನು ನಿರ್ಮಿಸಿದವರು ಪಣಿಕ್ಕರ್. ತಂತಿ ಇಲಾಖೆಯ ನೌಕರಿಯಲ್ಲಿದ್ದು ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದ ಯುವಕನೊಬ್ಬನು, ಮುಂದಿನ ಪೀಳಿಗೆಯ ಕಲಾವಿದರಿಗೆ ಆ ಕಷ್ಟ ಬಾರದಿರಲೆಂದು ಒಂದು ಗ್ರಾಮವನ್ನೇ ಕಟ್ಟಲು ಮುಂದಾದನು. ಕಲಾವಿದರು ಮತ್ತು ಕುಶಲಕರ್ಮಿಗಳು ಸಂಘಟಿತರಾಗಿ ತಮ್ಮ ಕೈಕೆಲಸವನ್ನು ನೆಚ್ಚಿಕೊಂಡರೆ ಸ್ವಾವಲಂಬಿಗಳಾಗಲು ಸಾಧ್ಯ ಎಂಬುದಕ್ಕೆ ಚೋಳಮಂಡಲ ಕಲಾಗ್ರಾಮವು ಉತ್ತಮ ನಿದರ್ಶನವಾಗಿದೆ.

ಜೀವನದ ಪ್ರಮುಖ ಘಟ್ಟಗಳು

1911 – ಕೊಯಮತ್ತೂರಿನಲ್ಲಿ ಜನನ
1930 – ಕಾಲೇಜು ವಿದ್ಯಾಭ್ಯಾಸ ಸ್ಥಗಿತ
1936–1940 – ಮದರಾಸು ಕಲಾ ಶಾಲೆಯಲ್ಲಿ ವ್ಯಾಸಂಗ
1941 – ಅದೇ ಶಾಲೆಯಲ್ಲಿ ಶಿಕ್ಷಕರಾಗಿ ನೇಮಕ
1944 – ಪ್ರಗತಿಶೀಲ ಚಿತ್ರಕಾರರ ಸಂಘದ ಸ್ಥಾಪನೆ
1954 – ಯೂರೋಪ್ ಪ್ರವಾಸ. ಲಂಡನ್, ಪ್ಯಾರಿಸ್ ಪ್ರದರ್ಶನಗಳು
1957–1967 – ಪ್ರಾಂಶುಪಾಲರಾಗಿ ಸೇವೆ
1963 – ಪದಗಳು ಮತ್ತು ಸಂಕೇತಗಳು ಚಿತ್ರಮಾಲಿಕೆಯ ಆರಂಭ
1966 – ಚೋಳಮಂಡಲ ಕಲಾಗ್ರಾಮದ ಸ್ಥಾಪನೆ
1976 – ಲಲಿತಕಲಾ ಅಕಾಡೆಮಿಯ ಫೆಲೋ ಗೌರವ
1977 – ಮದರಾಸಿನಲ್ಲಿ ನಿಧನ